ಹಸಿರು ಬೀಳುವ ತನಕ

ಶಿವರಾತ್ರಿ ಕಳೆದು ಮೂರನೇ ದಿನ.
ಫಕೀರಪ್ಪನ ಉಪವಾಸ ಮುಗಿದರೂ
ಅವನು ಕೊಂಡ ಗೆಣಸು ಮುಗಿದಿರಲಿಲ್ಲ.
ಚೀಲ ಹೊತ್ತು ತಂದು ಬೀರೂರಿನ ನನ್ನ ಕ್ವಾರ್ಟರ್ಸಿನ
ಹೊಸ್ತಿಲ ಮೇಲೆ ಸುರುವಿದ:
"ಕೆಂಚಕ್ಕ, ಏನರ ಮಾಡ್ರಿ ಇದಕ್ಕ.
ಕನಸಿನಾಗೂ ಸಿಪ್ಪಿ ಸುಲಿಯಾಕತ್ತೀನಿ."

ಸಂಜೆ ಡ್ಯೂಟಿ ಇಳಿದು, ಕೈಯ ಗ್ರೀಸು ಸೀಮೆಎಣ್ಣೆಯಲ್ಲಿ ಒರೆಸಿ
ಇಲಿಯಾಸನ ಅಂಗಡಿಗೆ ನಡೆದೆ.
ಮುಕ್ಕಾಲು ಕೇಜಿ ಕೈಮ, ಎರಡು ಸಲ ಕೊಚ್ಚು ಅಂದೆ.
"ಉಂಡೆಗಾ ಅಕ್ಕ?"
"ಅಲ್ಲ, ಗೆಣಸಿನ ಹೊಟ್ಟೆಗೆ."
ಕತ್ತಿ ಒಂದು ಗಳಿಗೆ
ದಿಮ್ಮಿಯ ಮೇಲೇ ನಿಂತಿತು.

ನಿಲ್ಲದೆ ಏನು?
ಗೆಣಸು ದೇವರ ಕಡೆಯದು,
ಅನ್ನ ಬಿಟ್ಟವರ ಬಾಯಿಗೆ ಹಾಲಿನ ಜೊತೆ ಹೋಗುವ ಸಾಧು.
ಅದರೊಳಗೆ ಕುರಿ ಕೂರಿಸುವುದೇ?
ನಮ್ಮವ್ವ ಇದ್ದಿದ್ದರೆ ಸೌಟು ತೋರಿಸುತ್ತಿದ್ದಳು.
ತೋರಿಸಿ, ಆಮೇಲೆ
ಉಪ್ಪು ನೋಡ್ತೀನಿ ಅಂತ ಒಂದು ಚೂರು ಕೇಳುತ್ತಿದ್ದಳು.

ಅರೆಬೆಂದ ಗೆಣಸನ್ನು ಉದ್ದಕ್ಕೆ ಸೀಳಿ
ಚಮಚದಲ್ಲಿ ತಿರುಳು ತೋಡಿದೆ, ದೋಣಿಯಾಯಿತು.
ಈರುಳ್ಳಿ ಕೆಂಪಗೆ, ಶುಂಠಿ ಬೆಳ್ಳುಳ್ಳಿ, ಚಕ್ಕೆ ಎರಡೇ ಎರಡು ಲವಂಗ,
ಕೈಮ ನೀರು ಬಿಟ್ಟು, ಅದೇ ನೀರು ಕುಡಿದು,
ತಳ ಹಿಡಿಯುವ ಮೊದಲು ಹುರಿಗಡಲೆ ಪುಡಿ.
ತೋಡಿದ ತಿರುಳನ್ನೂ ಅದಕ್ಕೇ ಕಲಸಿದೆ.
ಖಾರದ ಬೆನ್ನಿಗೆ ಸಿಹಿ ಬಂದು ನಿಂತಿತು,
ಜಗಳ ಬಿಡಿಸಲು ಬಂದ ನೆರೆಯವಳ ಹಾಗೆ.

ಫಕೀರಪ್ಪ ಲಿಂಗ ಕಟ್ಟಿದವನು.
ಅವನಿಗೆ ಬೇರೆ ಬಾಣಲೆ, ಬೇರೆ ಸೌಟು,
ಕೊನೆಯ ಸುಗ್ಗಿಯ ಹಿತಕಿದವರೆ.
ಒಂದೊಂದನ್ನೂ ಬಾಳೆಲೆಯಲ್ಲಿ ಸುತ್ತಿ
ಕುರಿಗೆ ಬಿಳಿ ದಾರ, ಅವರೆಗೆ ಕೆಂಪು.
"ದಿನಾ ಕೆಂಪು ಕಂಡರೆ ನಿಲ್ತೀಯಲ್ಲ,
ಇವತ್ತು ಕೆಂಪು ಅಂದ್ರೆ ನಿಂದು, ತಿನ್ನು" ಅಂದೆ.

ಕಾವಲಿಯ ಮೇಲೆ ಎಲೆ ಕಪ್ಪಾಗುತ್ತಿತ್ತು.
ನಂಜೇಗೌಡ ತಟ್ಟೆ ತೊಳೆಯುತ್ತಿದ್ದ.
ಸೆಲ್ವರಾಜ ಮೂಸಿ ಮೂಸಿ
ಮೂಗಿನಿಂದಲೇ ಅರ್ಧ ಉಂಡಿದ್ದ.
ಫೋನು ಬಂತು.
ಹಳಿ ಬಿರುಕು ಬಿಟ್ಟಿದೆ, ಶಿವನಿ ಕಡೆ.

ಶಿವಶಿವಾ ಅಂತ ಚಳಿ ಹೋಗುತ್ತದಂತೆ ಶಿವರಾತ್ರಿಗೆ.
ಈ ವರ್ಷ ಅದಕ್ಕೆ ಯಾರೂ ಹೇಳಿರಲಿಲ್ಲ.
ಮುದುಡಿದ ಕಬ್ಬಿಣ ರಾತ್ರಿ ಪಟ್ ಅನ್ನುತ್ತದೆ.
ನಂಜೇಗೌಡ ಎಲ್ಲವನ್ನೂ ಒಂದೇ ಡಬ್ಬಿಗೆ ತುರುಕಿದ,
ಬಿಳಿ ಕೆಂಪು ನೋಡಲಿಲ್ಲ.
ಸ್ಪ್ಯಾನರು ಹೆಗಲಿಗೆ, ಡಬ್ಬಿ ನನ್ನ ಕಂಕುಳಿಗೆ.
ಜಲ್ಲಿ ತುಳಿದ ಅಷ್ಟು ದೂರವೂ
ಪಕ್ಕೆಲುಬಿಗೆ ಒಂದು ಒಲೆ.

ಉಗುರಿನಷ್ಟು ಸಂದು.
ಅದಕ್ಕೆ ಎರಡು ಕಡೆ ಪಟ್ಟಿ ಕೊಟ್ಟು ಬಿಗಿದೆವು.
ತಡೆದಿದ್ದ ಗಾಡಿ ತೆವಳುತ್ತಾ ದಾಟಿತು,
ಕಿಟಕಿಯಲ್ಲಿ ಮಲಗಿದ್ದ ಯಾರದೋ ಪಾದ, ಹಳದಿ ಕಾಲುಚೀಲ.
ಅದರ ಬೆನ್ನಿಗೆ ಸಿಗ್ನಲ್ಲು ಕೆಂಪಾಯಿತು.

ಸ್ಲೀಪರ್ ರಾಶಿಯ ಮೇಲೆ ಕೂತು ಡಬ್ಬಿ ತೆಗೆದೆ.
ಟಾರ್ಚು ಸತ್ತಿತ್ತು.
ಸಿಗ್ನಲ್ಲಿನ ಕೆಂಪಿನಲ್ಲಿ ಬಿಳಿ ದಾರವೂ ಕೆಂಪು,
ಕೆಂಪು ದಾರವೂ ಕೆಂಪು.
ಮೂಸಿದರೆ ಎಲ್ಲದಕ್ಕೂ ಸುಟ್ಟ ಬಾಳೆಲೆಯದೇ ವಾಸನೆ.
ಮೊಬೈಲು ತೆಗೆಯಲು ಜೇಬಿಗೆ ಕೈಯಿಟ್ಟೆ.
"ಬ್ಯಾಡ್ರಿ ಅಕ್ಕ," ಅಂದ ಫಕೀರಪ್ಪ,
"ಇನ್ನೊಂದು ಗಾಡಿ ಐತಿ.
ಹಸರ ಬೀಳೂತನಕ ಕುಂದ್ರೂಣು."

ಕೂತೆವು.
ಹಸಿದ ನಾಲ್ವರು, ಮುಂದೆ ತೆರೆದ ಡಬ್ಬಿ.
ಸೆಲ್ವರಾಜ ಕೂಡ ಕೈ ಹಾಕಲಿಲ್ಲ.
ಎಲ್ಲೋ ಗದ್ದೆಯಲ್ಲಿ ಪಂಪು ಕೆಮ್ಮುತ್ತಿತ್ತು.
ನಂಜೇಗೌಡ ಮಗಳ ಪರೀಕ್ಷೆಯ ಮಾತು ಎತ್ತಿ
ಅರ್ಧಕ್ಕೇ ಬಿಟ್ಟ.

ಬಿತ್ತು ಹಸಿರು.
ಬಿಳಿ ದಾರಗಳು ಎಳೆ ಗರಿಕೆಯಾದವು,
ಕೆಂಪು ಎರಡು
ಕಾಡಿಗೆ ಗೆರೆಯ ಹಾಗೆ ಕಪ್ಪಗೆ ಮಲಗಿದ್ದವು.
ಅವನು ಅದನ್ನೆತ್ತಿ ಹಲ್ಲಿನಿಂದ ಗಂಟು ಕಡಿದ.
ಹಬೆ ಎದ್ದು ಮುಖ ಮುಚ್ಚಿತು.
ನಾವೂ ಬಿಚ್ಚಿದೆವು.
ಮೊದಲು ಸಿಹಿ, ಆಮೇಲೆ ಖಾರ,
ಆಮೇಲೆ ಕೈಮದ ಜಿಡ್ಡು ಮೊಣಕೈವರೆಗೆ.
ಗಾಡಿ ಬರುವ ನಡುಕ ರಾಶಿಯ ಕೆಳಗಿಂದ ಏರುತ್ತಿತ್ತು.
ತುತ್ತು ನುಂಗಿ ಫಕೀರಪ್ಪ ಏನೋ ಹೇಳಿದ.
ಗದ್ದಲದಲ್ಲಿ ಕೇಳಲಿಲ್ಲ.
ಕೊನೆಯ ಡಬ್ಬಿ ದಾಟಿದ ಮೇಲೆ ಮತ್ತೆ ಹೇಳಿದ:

"ಉಪ್ಪು ಒಂಚೂರು ಕಡಿಮಿ ಆಗೇತ್ರಿ."